ಪರ್ಸಿ ಮ್ಯಾಲಿನ ಪಟ್ಟಿ

ನಾಳೆ ಹತ್ತಕ್ಕ ಹರಾಜು.
ನಮ್ಮ ಕೈಯಾಗ ಆರ್ನೂರು ಪಾಯಿಂಟು,
ಹೋದ ವರ್ಷದ ಏಳು ಸೋಲು,
ಮತ್ತ ಸೈಬಣ್ಣನ ಹೋಟೆಲ್ ಮುಂದ
ಕೂಡ್ಲಾಕ ಒಂದು ಒಡದ ಪರ್ಸಿ.
ಶಹಾಬಾದಿನಾಗ ಕಲ್ಲಿಗೇನು ಬರ?
ಹಾಳಿ ಯಾರೂ ತಂದಿರಲಿಲ್ಲ.
ಸುಣ್ಣದ ತುಂಡು ಹಿಡಕೊಂಡು ನಾ
ಅದರ ಮ್ಯಾಲೇ ಗೀಟು ಹೊಡದೆ:
ಹಿಂದ ನಾಕು, ನಡು ಮೂರು, ಮುಂದ ಮೂರು,
ಗೋಲಿನಾಗ ಒಬ್ಬ.

ಮೊದಲ ಬೀದರಿನ ಪ್ರಭುದಾಸ, ಅಂದ ದೇವಿಂದ್ರ.
ಎಡಗಾಲಿಲೆ ಹೊಡದ್ರ ಚೆಂಡು
ಮನಿ ಅಳಿಯನ್ಹಂಗ ಒಳಗ ಹೋಗ್ತದ,
ಕೇಳಂಗಿಲ್ಲ, ಬಾಗಿಲ ಬಡಿಯಂಗಿಲ್ಲ.
ಮುನ್ನೂರಾದ್ರೂ ಬಿಡಬ್ಯಾಡ, ಬರೀ.

ಬರದೆ.

ರುಕ್ಮೋದ್ದೀನ ಬಶಿಗೆ ಚಾ ಸುರಕೊಂಡು
ಊದಿ ಊದಿ, ಕುಡೀದೇ ಇಟ್ಟ.
ಅಲ್ಲೋ ಮಾರಾಯಾ,
ಹೋದ ವರ್ಷ ನಮ್ಮ ಗೋಲಿನಾಗ ಇಪ್ಪತ್ತೆರಡು ಬಿದ್ದವು.
ಮಾಳಗಿ ಸೋರ್ಲಕತ್ತದ,
ನೀ ಬಾಗಿಲಕ ಬಣ್ಣ ಹಚ್ಚಂತಿ.
ಮೊದಲ ವಾಡಿ ಜಂಕ್ಷನ್ನಿನ ಡೇವಿಡ್‌ರಾಜ.
ಅಂವ ಕೈ ಚಾಚಿದ್ರ
ರೈಲ್ವೆ ಗೇಟ್ ಬಿದ್ದಂಗ.
ಇನ್ನೂರಾ ಇಪ್ಪತ್ತು.

ಹುಡುಗರನ್ನ ತಗೋರಿ, ಅಂದ ಭೀಮಶಾ,
ಹದಿನೇಳು ಹದಿನೆಂಟಿನವರನ್ನ.
ಈ ವರ್ಷ ಸೋಲೂಣು, ಬರೂ ವರ್ಷನೂ ಸೋಲೂಣು,
ಮೂರನೇ ವರ್ಷ—
ಮೂರನೇ ವರ್ಷ ಅವರೆಲ್ಲಾ ಹೈದ್ರಾಬಾದಿನಾಗ
ಸೆಂಟ್ರಿಂಗ್ ಬಡೀತಿರ್ತಾರ,
ಅಂದ ಸೈಬಣ್ಣ, ಒಲಿ ಮುಂದಿಂದ, ತಿರುಗದೇ.

ಹತ್ತೂವರಿ ಗಾಡಿ ಬಂತು.
ಅದು ದಾಟೂತನಕ ಎಲ್ಲರೂ
ತೆರೆದ ಬಾಯಿ ತೆರದೇ ತಡದರು.
ಕಡೀ ಡಬ್ಬಿ ಹೋದ ಕೂಡ್ಲೆ
ನಾಕೂ ಮಂದಿ ಒಮ್ಮೆಲೇ.

ಎಂಜಲ ಹಚ್ಚಿ ಅಳಿಸಿದೆ, ಹಿಮ್ಮಡಿಲೆ ಅಳಿಸಿದೆ,
ಕಲ್ಲು ರೊಟ್ಟಿ ಬಡದಂಗ ಬೆಳ್ಳಗಾತು.

ಮಶಾಕನ್ನ ಇಟ್ಕೋಬೇಕೋ, ಬಿಡಬೇಕೋ?
ಮಶಾಕ ಅಲ್ಲೇ ಇದ್ದ.
ಮೂವತ್ತೊಂಬತ್ತು ವಯಸ್ಸು, ಎರಡೂ ಮೊಳಕಾಲಿಗೆ ಪಟ್ಟಿ,
ಸುಸಲಾದಾಗ ಮಿರ್ಚಿ ಮುರಕೊಂಡು ತಿನ್ಲಕತ್ತಿದ್ದ.
ನಲವತ್ತು ಬರೀ, ಅಂದ.
ಹೆಚ್ಚಿಗಿ ಬ್ಯಾಡ, ಮನ್ಯಾಗ ಕೇಳಿದ್ರ ನಗ್ತಾರ.

ಮುನ್ನೂರು, ಇನ್ನೂರಾ ಇಪ್ಪತ್ತು, ನಲವತ್ತು.
ಉಳದದ್ದು ನಲವತ್ತೇ. ಬೇಕಾದವರು ಇನ್ನಾ ಎಂಟು ಮಂದಿ.
ತಲಿಗೆ ಐದು.
ಐದಕ್ಕ ಶೇಂಗಾ ಬರಂಗಿಲ್ಲ, ಅಂದ ರುಕ್ಮೋದ್ದೀನ,
ಆರಿದ ಚಾ ಕುಡದ.

ಆಗ ಮಶಾಕ ಕೈ ಒರಸಿಕೊಂಡು ಕೇಳಿದ:
ನಮ್ಮ ಮೈದಾನದ ಇಳುಕಲು ಯಾ ಕಡಿ?
ಖಣಿ ಕಡಿ. ಅದೇನು ಕೇಳೂ ಮಾತು?
ಮ್ಯಾಚಿಗೆ ಐದ್ಸಲ ಚೆಂಡು ಖಣಿಗೆ ಬೀಳ್ತದ.
ಕಲ್ಲು ತಗದು ಬಿಟ್ಟ ತೆಗ್ಗು, ಹಸರು ನೀರು,
ತಳಾ ಕಂಡವರಿಲ್ಲ.
ಜಿಗದು ತರಾಂವ ಯಾರು?

ಯಲ್ಲಾಲಿಂಗ. ಸೈಬಣ್ಣನ ತಂಗಿ ಮಗ.
ಹಿಂದ ಬಕೀಟ ಮುಂದ ಕುಂತು ಗ್ಲಾಸು ತೊಳೀತಿದ್ದ.

ಅಂವ ಚೆಂಡು ತಂದು ಕೈಯಾಗ ಕೊಡಂಗಿಲ್ಲ, ಅಂದ ಮಶಾಕ.
ಖಣಿ ದಂಡಿಗಿಂದ ಒದೀತಾನ,
ಬರಿಗಾಲಿಲೆ, ಹಸೀಕಾಲಿಲೆ, ಚೆಂಡೂ ಹಸೀ.
ನಾ ಎಲ್ಲಿರ್ತೀನಿ, ಅಲ್ಲೇ ಎದಿಗೆ ಬರ್ತದ.
ಮೂರು ವರ್ಷಾತು,
ನಾ ಒಂದ್ ಹೆಜ್ಜಿ ಸರದಿಲ್ಲ.

ಯಾರೂ ಮಾತಾಡಲಿಲ್ಲ.
ಮೂರು ವರ್ಷ ನಾವೂ ಅಲ್ಲೇ ನಿಂತಿದ್ವಿ.
ಚೆಂಡು ಬಂತಿಲ್ಲೋ ಅಂತಷ್ಟೇ ನೋಡಿದ್ವಿ.
ನಾ ಪರ್ಸಿ ಮ್ಯಾಲ ಬಯಲು ಜಾಗಾ ಹುಡುಕಿದೆ.
ಒಡದ ಗೆರಿ ಮಗ್ಗಲಿಗೆ, ಎಡಕ್ಕ, ಒಂದು ಚೂರು ಇತ್ತು.

ಏ ಯಲ್ಲಾ, ಹರಾಜಿಗೆ ನಿನ್ನ ಹೆಸರು ಕೊಡ್ಲೇನು?

ಅಂವ ಗ್ಲಾಸು ಝಾಡಿಸಿದ, ಬೋರಲ ಇಟ್ಟ.
ಕೊಡ್ರಿ, ಅಂದ.
ಇನ್ನೊಂದು ತೊಳದ.
ಮತ್ತ ಚೆಂಡು ಯಾರ್ ತರ್ತಾರ್ರಿ?

ದೇವಿಂದ್ರ ನನ್ನ ನೋಡಿದ, ನಾ ಭೀಮಶಾನ್ನ.
ಈಜೂ ಬರೂ ಒಬ್ಬನ್ನ ತಗೋಬೇಕಲ್ಲ ಹಂಗಾದ್ರ.
ಗೋಲ್‌ಕೀಪರ್‌ಕಿಂತ ಮೊದಲೋ? ಆಮ್ಯಾಲೋ?
ಮೊದಲ! ಅಂದ ರುಕ್ಮೋದ್ದೀನ. ಅಲ್ಲ, ತಡಿ—

ಸುಣ್ಣದ ತುಂಡು ಜ್ವಾಳದ ಕಾಳಿನಷ್ಟು ಉಳದಿತ್ತು.
ಸೈಬಣ್ಣ ಮತ್ತೊಂದು ಕೆಟ್ಲಿ ಇಟ್ಟ.