ಹಳದಿ ಚೌಕ

ಮೂರನೇ ಸಾಲಿಗೆ ಹೊಸ ಯಂತ್ರ ಬಂದ ದಿನ
ಯಾರೋ ಅದರ ಗಾಜಿಗೆ ಕುಂಕುಮ ಇಟ್ಟಿದ್ದರು,
ಬೆರಳಗಲ.
ಇಂಜಿನಿಯರ್ ಬಂದವನೇ ಒರೆಸಿದ:
ಸೆನ್ಸರ್‌ಗೆ ತೊಂದರೆ ಮೇಡಂ, ಹೀಗೆಲ್ಲ ಮಾಡಬೇಡಿ.
ಬುಡದಲ್ಲಿ ಅಪ್ಪಚ್ಚಿಯಾದ ನಿಂಬೆಹಣ್ಣು
ಅವನಿಗೆ ಕಾಣಲಿಲ್ಲ.
ನಾನೂ ಹೇಳಲಿಲ್ಲ.

ಪಾದದ ಗುರುತಿನ ಮೇಲೆ ನಿಲ್ಲಿ. ಕೈ ಮೇಲೆ. ಮೂರು ಸೆಕೆಂಡು.
ಕೈ ಎತ್ತುವುದರಲ್ಲೇ ಎಷ್ಟು ಥರ!
ಕೆಲವರು ಬಸ್ಸಿನ ಕಂಬಿ ಹಿಡಿದಂತೆ,
ಕೆಲವರು ಕದ್ದು ಸಿಕ್ಕಿಬಿದ್ದಂತೆ,
ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿ ವಹೀದ್ ಸಾಬರು
ದುವಾ ಕೇಳುವ ಹಾಗೆ ಅಂಗೈ ತೆರೆದು.
ತಿರುಪತಿ ಮುಡಿ ಕೊಟ್ಟ ಅಜ್ಜನೊಬ್ಬ
ಎತ್ತಿದ ಕೈಗೆ ಬಾಯಿ ಸುಮ್ಮನಿರಲಾರದೆ
ಗೋವಿಂದಾ ಅಂದೇಬಿಟ್ಟ.
ಹಿಂದಿನ ಮೂವರು ಗೋವಿಂದ ಸೇರಿಸಿದರು.
ಯಂತ್ರ ಯಾರ ದೇವರನ್ನೂ ತಡೆಯಲಿಲ್ಲ.

ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿ
ಮೂವತ್ತು ವರ್ಷ ಸ್ಪ್ರಿಂಗು ಕೂರಿಸಿದ ತಿಪ್ಪೇರುದ್ರಪ್ಪ
ಗುರುತಿನ ಮೇಲೆ ನಿಂತೇ ನನ್ನ ವಿಚಾರಣೆಗಿಳಿದರು:
ಎಕ್ಸ್‌ರೇನೋ ಇನ್ನೊಂದೋ? ಎಷ್ಟು ಗಿಗಾಹರ್ಟ್ಸು?
ತರಬೇತಿಯಲ್ಲಿ ಕಲಿಸಿದ್ದು ಒಂದೇ ಸಾಲು:
ಮೊಬೈಲಿಗಿಂತ ಕಮ್ಮಿ ಸಾರ್.
ಆ ಮೊಬೈಲನ್ನೇ ಬಿಟ್ಟಿದೀನಲ್ಲಮ್ಮ ನಾನು!
ಆಮೇಲೆ ನನ್ನ ಎದೆಯ ಹೆಸರು ಓದಿ,
ನಂಜಮ್ಮಣ್ಣಿ? ನಮ್ಮ ಸೋದರತ್ತೆ ಹೆಸರು,
ಎಂದವರೇ ತೆಪ್ಪಗೆ ಕೈ ಎತ್ತಿದರು.

ಬಟ್ಟೆಯೊಳಗೆಲ್ಲ ಕಾಣುತ್ತಂತೆ, ಹೌದಾ?
ದುಪಟ್ಟಾ ಎಳೆದುಕೊಂಡು ಪಿಸುಗುಟ್ಟಿದಳು ಒಬ್ಬಳು.
ಪರದೆಯನ್ನು ಅವಳತ್ತ ತಿರುಗಿಸಿದೆ.
ಬೂದು ಗೊಂಬೆ. ಕಣ್ಣಿಲ್ಲ, ಮೊಲೆಯಿಲ್ಲ, ಹೆಸರಿಲ್ಲ.
ಪ್ರಧಾನಿಗೂ ಪೋರನಿಗೂ ಒಂದೇ ಗೊಂಬೆ.
ಅವಳು ಉಸಿರು ಬಿಟ್ಟಳು. ಮತ್ತೆ ಬಗ್ಗಿ ನೋಡಿ,
ಅಯ್ಯೋ, ಎಷ್ಟು ಸಣ್ಣಗಿದೀನಿ!

ಆ ಗೊಂಬೆಯ ಮೇಲೆ ಹಳದಿ ಚೌಕ ಬಿದ್ದಲ್ಲಿ ಮಾತ್ರ
ನಮ್ಮ ಕೈ.
ಟೈ ಕಟ್ಟಿದ ಸಾಹೇಬರ ಸೊಂಟದಲ್ಲಿ ಬೆಳ್ಳಿ ಉಡಿದಾರ
ಬೋರೇಗೌಡನ ಕೈಗೆ ಸಿಕ್ಕಿತು; ಇಬ್ಬರೂ ನಾಚಿದರು.
ಲಂಡನ್ನಿಗೆ ಹೊರಟ ವಕೀಲೆಯ ತೋಳಲ್ಲಿ ತಾಯತ,
ಮೇಲೆ ಗಾಯದ ಪಟ್ಟಿ ಅಂಟಿಸಿ ಮುಚ್ಚಿದ್ದು.
ಹೊಸಕೋಟೆಯ ಹೆಂಗಸಿನ ಲಂಗದ ಲಾಡಿಯ ಗಂಟಲ್ಲಿ
ಆರು ಐನೂರರ ನೋಟು, ಒಂದು ಏಲಕ್ಕಿ.
ಮನೆಯವರಿಗೆ ಗೊತ್ತಿಲ್ಲ ಕಣಮ್ಮ, ಅಂದಳು.
ನನಗೂ ಗೊತ್ತಿಲ್ಲ, ಅಂದೆ.

ಮೊನ್ನೆ ಒಬ್ಬರು. ಐವತ್ತೈದಿರಬಹುದು.
ಇಳಕಲ್ ಸೀರೆ, ಕೈಯಲ್ಲಿ ಮೊಮ್ಮಗುವಿನ ಟೋಪಿ.
ಚೌಕ ಎಡಗಡೆಯ ಎದೆಯ ಮೇಲೆ.
ಪರದೆಯ ಹಿಂದೆ ಕರೆದುಕೊಂಡು ಹೋದೆ.
ಕಿದ್ವಾಯಿಯಲ್ಲಿ ತೆಗೆದರು, ಅಂದರು,
ಸೊಪ್ಪಿನ ರೇಟು ಹೇಳುವ ದನಿಯಲ್ಲಿ.
ನನ್ನ ಕೈಯನ್ನು ತಾವೇ ಹಿಡಿದು ಅಲ್ಲಿಟ್ಟುಕೊಂಡರು:
ಒತ್ತಿ ನೋಡಿ. ಸಿಲಿಕಾನು. ಬೀಳೋದಿಲ್ಲ.
ಗ್ಲೌಸಿನೊಳಗೆ ನನ್ನ ಬೆರಳು
ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತವು.
ಸೆರಗು ಸರಿಮಾಡಿಕೊಳ್ಳುತ್ತ ಅಂದರು,
ಹಳೇ ಮಿಷನ್ನೇ ವಾಸಿ ಇತ್ತು.
ಅದಕ್ಕೆ ಕಬ್ಬಿಣ ಬಿಟ್ಟರೆ ಏನೂ ತಿಳೀತಿರಲಿಲ್ಲ.

ಬೆಳಗಿನ ಜಾವ ಸಾಲು ಖಾಲಿಯಾದಾಗ
ಜೊತೆಯವಳು ಭುವನೇಶ್ವರಿ ನನ್ನನ್ನು ನಿಲ್ಲಿಸಿದಳು:
ನಿಲ್ಲೇ, ನಿನ್ನಲ್ಲೇನಿದೆ ನೋಡೋಣ.
ಬಲ ರಟ್ಟೆಯ ಹಿಂದೆ, ಬೆನ್ನಿನಲ್ಲಿ ಚೌಕ.
ಎರಡು ಸಲ ತಡವಿದಳು. ಏನಿಲ್ಲ.
ಮತ್ತೆ ನಿಲ್ಲಿಸಿದಳು. ಮತ್ತೆ ಅಲ್ಲೇ.
ಬೆವರಿರಬೇಕು, ಅಂದ ಇಂಜಿನಿಯರ್.
ಮುಂದಿನ ಅಪ್‌ಡೇಟಿನಲ್ಲಿ ಸರಿಹೋಗುತ್ತೆ.

ಸಾದಹಳ್ಳಿ ಗೇಟಿನ ತನಕ ನಿಂತೇ ಬಂದೆ.
ಒಂದು ಕೈ ಕಂಬಿಯಲ್ಲಿ, ಇನ್ನೊಂದು
ಕೆಳಗಿಂದ, ಮೇಲಿಂದ, ಹೇಗೆ ಹೊರಳಿಸಿದರೂ
ಆ ಜಾಗ ಎಟುಕುತ್ತಿಲ್ಲ.
ಹಿಂದಿನ ಸೀಟಿನಲ್ಲಿ ಸಬ್ಬಸಿಗೆ ಕಟ್ಟಿನ ನಡುವೆ ಕೂತಿದ್ದ ಅಜ್ಜಿ
ನನ್ನ ಖಾಕಿಯನ್ನೂ ಲೆಕ್ಕಿಸದೆ,
ಕಡೀತದಾ ಮಗಾ? ಅಂದವಳೇ
ಉತ್ತರಕ್ಕೆ ಕಾಯದೆ ಎದ್ದು ಕೆರೆಯತೊಡಗಿದಳು.

ಇನ್ನೂ ಸ್ವಲ್ಪ ಮೇಲೆ, ಅಂದೆ.