ಎಡಗಡೆ

ಮೊದಲು ಹೋದದ್ದು ತಟ್ಟೆಯ ಎಡಗಡೆ.
ಬಲದ ಗಂಜಿ ಚೊಕ್ಕ ಉಂಡು, ಎಡದ ಬಂಗುಡೆ ಹಾಗೇ ಬಿಟ್ಟು
"ಮೀನೆಲ್ಲಿ?" ಎಂದು ನನ್ನ ಮೇಲೆ ರೇಗಿದರು,
ಮೂವತ್ತು ವರ್ಷ ತಾಂಡೇಲರಾಗಿ
ಕತ್ತಲಲ್ಲೂ ಮೀನಿನ ಜಾಡು ಹಿಡಿದವರು.
ನಾನು ಮಾತಾಡದೆ ತಟ್ಟೆ ತಿರುಗಿಸಿದೆ.

ಆಮೇಲೆ ಮೀಸೆಯ ಎಡದ ಅರ್ಧ, ಅಂಗಿಯ ಎಡದ ತೋಳು,
ಎಡಗಾಲಿನ ಚಪ್ಪಲಿ.
ಕಣ್ಣಿಗೇನೂ ಆಗಿಲ್ಲ, ಎಂದರು ಡಾಕ್ಟರು.
ಕಾಣುತ್ತದೆ. ಗಮನ ಹೋಗುವುದಿಲ್ಲ, ಅಷ್ಟೆ.

ಅಷ್ಟೆ.
ಮಲ್ಪೆಯ ಮರಳಿನಲ್ಲಿ ಬಡಗಿಗೆ ನಡೆದರೆ
ಇವರಿಗೆ ಕಡಲೇ ಇಲ್ಲ.
ತಿರುಗಿ ತೆಂಕಿಗೆ ಬಂದರೆ ಕಡಲುಂಟು,
ತೆಂಗಿನ ಸಾಲಿಲ್ಲ, ಐಸಿನ ಕಾರ್ಖಾನೆ ಇಲ್ಲ, ಊರಿಲ್ಲ.
ನಾನು ಸದಾ ಬಲಕ್ಕೆ. ಇರಬೇಕಲ್ಲ ಎಲ್ಲಾದರೂ.

ಮಂಗಳವಾರ, ಶುಕ್ರವಾರ ಮಣಿಪಾಲದ ಬಸ್ಸು.
ಮೂರನೇ ಮಾಳಿಗೆಯಲ್ಲಿ ಶೈಲೆಟ್ ಎಂಬ ಹುಡುಗಿ
ಕಪ್ಪು ಪೆಟ್ಟಿಗೆಯಂಥ ಕನ್ನಡಕ ಕಟ್ಟುತ್ತಾಳೆ ಇವರ ತಲೆಗೆ.
ಒಳಗೊಂದು ಕಡಲಂತೆ.
ಎಡದಿಂದ ಬಿಳಿ ಹಕ್ಕಿ ಬರುತ್ತದಂತೆ,
ಕೊರಳು ತಿರುಗಿಸಿ ನೋಟದಲ್ಲೇ ಹಿಡಿಯಬೇಕಂತೆ.
ನನಗೆ ಕಾಣುವುದು ಕುರ್ಚಿಯಲ್ಲಿ ಕೂತ ಒಬ್ಬ ಗಂಡಸು,
ಬರೀ ಗೋಡೆಯ ಕಡೆಗೆ ತಿರುಗುವ ಅವನ ಮುಖ,
ಲಂಗರು ಹಾಕಿದ ದೋಣಿ ಇಳಿತದಲ್ಲಿ ತಿರುಗುವ ಹಾಗೆ.

ಮೊದಲ ದಿನ ಇಪ್ಪತ್ತರಲ್ಲಿ ಮೂರು.
"ಇದೆಂಥ ಕಡಲು ಮಾರಾಯ್ತಿ, ಉಪ್ಪಿನ ವಾಸನೆಯೇ ಇಲ್ಲ."
ಶೈಲೆಟ್ ನಕ್ಕಳು: "ಹಕ್ಕಿ ನೋಡಿ ಅಂಕಲ್, ವಾಸನೆ ಆಮೇಲೆ."
ಐದು. ಮತ್ತೆ ನಾಲ್ಕು. ದೀಪಾವಳಿಯ ವಾರ ಒಂಬತ್ತು.
ಬೋಟು ಮಾರಿದ ಕಾಗದಕ್ಕೆ, ಬಲದ ಅರ್ಧ ಮಾತ್ರ ಓದಿ,
ರುಜು ಹಾಕಿದ ಮರುದಿನ ಎರಡು.
ಪಗ್ಗು ತಿಂಗಳ ಹೊತ್ತಿಗೆ ಹದಿಮೂರು.

ನಿನ್ನೆ ಸಂಜೆ ಬಡಗಿಗೆ ನಡೆಯುವಾಗ
ಏನು ಹುಚ್ಚೋ, ನಾನು ಎಡಕ್ಕೆ ಹೋದೆ.
ಕೈ ಹಿಡಿಯಲಿಲ್ಲ, ಕೆಮ್ಮಲಿಲ್ಲ,
ಬಳೆ ಸದ್ದಾಗದಂತೆ ಸೆರಗಿನೊಳಗೆ ಮುಂಗೈ.
ನೂರು ಹೆಜ್ಜೆ. ಇನ್ನೂರು.
ಒದ್ದೆ ಮರಳಿನಲ್ಲಿ ಏಡಿಗಳು ಬಿಲಕ್ಕಿಳಿದವು.
"ಏ ವಾರಿಜಾ" ಎಂದು ಬಲಗಡೆಯ ಗಾಳಿಯನ್ನು ಕರೆದರು.
ನಿಂತರು.
ಗದ್ದ ತಿರುಗಿತು, ಹಕ್ಕಿಯನ್ನು ಹುಡುಕುವ ಹಾಗೆಯೇ,
ಅಂಗುಲ ಅಂಗುಲ,
ನನ್ನ ಕಿವಿಯೋಲೆಯವರೆಗೆ ಬಂದು
ದಾಟಿ ಹೋಯಿತು.

"ಆ ಬೋಟು ನೋಡು," ಎಂದರು ನನ್ನ ಹೆಗಲ ಮೇಲಿಂದ,
"ಎಷ್ಟು ತಗ್ಗಿ ಬರ್ತಾ ಉಂಟು. ಒಳ್ಳೆ ಮೀನು ಸಿಕ್ಕಿದೆ ಅದಕ್ಕೆ."

ಹೌದು, ಎಂದೆ,
ಇದ್ದಲ್ಲಿಂದಲೇ.