ಅನ್ವಯಿಸದ್ದನ್ನು ಹೊಡೆದುಹಾಕಿ

ಶನಿವಾರದ ಸಿನಿಮಾಕ್ಕೆ ಒಂದು ಫಾರಮ್ಮು.
ಚಿತ್ರದ ಹೆಸರು, ಅವಧಿ, ತೋರಿಸುವ ತರಗತಿ,
ಕೆಳಗೆ: ಸೂಕ್ತ / ಸೂಕ್ತವಲ್ಲ,
ಅನ್ವಯಿಸದ್ದನ್ನು ಹೊಡೆದುಹಾಕಿ.
ಎಚ್.ಎಂ. ಮೇಡಂ ಸಹಿ ಆಗಿದೆ. ನನ್ನದು ಬಾಕಿ.
"ಟಾಕೀಸಿನಾಗೇ ಬೆಳೆದೋರು ನೀವು, ನಿಮಗೇ ಗೊತ್ತಾಗ್ತದ್ರಿ."

ಡ್ರಿಲ್ ಮಾಸ್ತರು ಫಕೀರೇಶಪ್ಪ ಅಂದರು:
"ಒಂಬತ್ತನೇ ಕ್ಲಾಸಿನ ಹುಡುಗ್ರು, ಮೇಡಂ,
ಫೋನಿನಾಗೆ ಏನೇನು ನೋಡ್ಯಾವೋ.
ಈ ಕಪ್ಪುಬಿಳುಪು ಕೊಲೆ ಅವಕ್ಕೆ
ಮಂಡಕ್ಕಿ ಇದ್ದಂಗೆ. ಹೊಟ್ಟೆ ತುಂಬಲ್ಲ."

ಮಂಡಕ್ಕಿ ಅಂದದ್ದಕ್ಕೆ ನಾನು ನಗಲಿಲ್ಲ.

ನಮ್ಮಪ್ಪ ಆಪರೇಟರ್ ಕೊಟ್ರಪ್ಪ.
ರೈಲ್ವೆ ಗೇಟಿನಾಚೆ ಟಾಕೀಸು, ಈಗ ಹತ್ತಿಬೀಜದ ಗೋಡೌನು.
ನಾನು ಏಳನೇ ಕ್ಲಾಸು. ಇಡೀ ಸ್ಕೂಲಿಗೆ ಬೆಳಗಿನಾಟ,
ತಲೆಗೆ ಎಪ್ಪತ್ತೈದು ಪೈಸೆ,
ಇದೇ ಸಿನಿಮಾ.
ಹಿಂದಿನ ರಾತ್ರಿ ಗುರುಶಾಂತಯ್ಯ ಮಾಸ್ತರು
ಒಂದು ಕೈಲಿ ಪಂಚೆ ಎತ್ತಿ ಹಿಡಿದು ಕ್ಯಾಬಿನ್ನಿನ ಏಣಿ ಹತ್ತಿದರು:
"ಕೊಟ್ರಪ್ಪ, ಆ ಕೊಲೆ ಒಂದು ಬ್ಯಾಡಪ್ಪ. ಮಕ್ಕಳು."
ಅಪ್ಪ ಬಲ್ಬಿಗೆ ಹಿಡಿದು ನೋಡಿ, ಬ್ಲೇಡಿನಲ್ಲಿ ಕೊಯ್ದು,
ಸುರುಳಿ ಸುತ್ತಿ ಬುತ್ತಿ ಡಬ್ಬಿಯಲ್ಲಿಟ್ಟ,
ಮ್ಯಾಟಿನಿಗೆ ಮತ್ತೆ ಅಂಟಿಸಲು.

ನಾವು ನೋಡಿದ್ದು ಇಷ್ಟು:
ತಮ್ಮ, ಅಣ್ಣನ ದಲ್ಲಾಳಿ ಅಂಗಡಿಯ ಬಾಗಿಲು ತಳ್ಳಿ ಒಳಗೆ ಹೋದ.
ತಮ್ಮ, ಬಾವಿಕಟ್ಟೆಯಲ್ಲಿ ಕೈ ತೊಳೆಯುತ್ತಿದ್ದ.
ನಡುವೆ ಒಂದು ಜಿಗಿತ,
ರೆಪ್ಪೆ ಬಡಿದಷ್ಟು.

ಆ ಜಿಗಿತದೊಳಗೆ ಏನಿತ್ತು?
ಕುಡುಗೋಲು ಎಂದಳು ಹಾಲಮ್ಮ.
ಬ್ಯಾಟರಿ ಆಸಿಡ್ಡು ಎಂದ ಗ್ಯಾರೇಜಿನ ಮನೆಯ ದಾದಾಪೀರ್.
ನಾನು ಯಾರಿಗೂ ಹೇಳಲಿಲ್ಲ. ನನ್ನೊಳಗೆ ಅವನು
ಅಣ್ಣನನ್ನು ನಮ್ಮ ಓಣಿಯ ಮಂಡಕ್ಕಿ ಭಟ್ಟಿಗೆ ಎಳೆದೊಯ್ದಿದ್ದ.
ಕಾದ ಉಸುಕು, ಕಬ್ಬಿಣದ ಬಾಣಲೆ,
ಮಗುಚುವ ಸದ್ದು, ಅಕ್ಕಿ ಅರಳುವ ಹಾಗೆ
ಮುಂದೆ ಬರೆಯಲಾರೆ.
ಎಷ್ಟೋ ವರ್ಷ, ಸಂಜೆ ಎಲ್ಲರೂ ಮಂಡಕ್ಕಿ ಮೆಣಸಿನಕಾಯಿಗೆ ಕೂತಾಗ
ನಾನು ಬರೀ ಮೆಣಸಿನಕಾಯಿ ತಿಂದೆ.
ಪಿತ್ತ ಎಂದಳು ಅಮ್ಮ.

ನಿನ್ನೆ ರಾತ್ರಿ ತಟ್ಟೆ ತೊಳೆದಿಟ್ಟು
ಲ್ಯಾಪ್‌ಟಾಪಿನಲ್ಲಿ ಒಬ್ಬಳೇ ನೋಡಿದೆ. ಪಕ್ಕದಲ್ಲಿ ನೋಟುಬುಕ್ಕು.
ಒಂದು ಗಂಟೆ ಹನ್ನೆರಡನೇ ನಿಮಿಷ.
ತಕ್ಕಡಿ. ಐದು ಸೇರಿನ ಕಲ್ಲು ಎತ್ತಿದ ಕೈ.
ಕ್ಯಾಮೆರಾ ಮುಖ ತಿರುಗಿಸುತ್ತದೆ; ಹರಿದ ಚೀಲದಿಂದ
ಜೋಳ ಸುರಿಯುತ್ತದೆ, ಸುರಿಯುತ್ತದೆ, ನಿಲ್ಲುತ್ತದೆ.
ಹನ್ನೊಂದು ಸೆಕೆಂಡು.
ಒಂದು ಹನಿ ನೆತ್ತರಿಲ್ಲ.
ಮೂವತ್ತೆಂಟು ವರ್ಷದ ಮೇಲೆ ಆ ಅಣ್ಣ
ನನ್ನ ಭಟ್ಟಿಯಿಂದ ಎದ್ದು ಬಂದು
ಒಂದೇ ಏಟಿಗೆ, ಕಡಿಮೆ ನೋವಿನಲ್ಲಿ, ಸತ್ತ.

ಬರೆದುಕೊಂಡೆ: ಕೊಲೆ, ಇರಲಿ.

ಆಮೇಲೆ ಹಿಂದಕ್ಕೆ ತಿರುಗಿಸಿದೆ. ಮೂವತ್ತನಾಲ್ಕನೇ ನಿಮಿಷ.
ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಮ್ಮ
ಹೆಂಡತಿಯ ಕೆನ್ನೆಗೆ ಬಿಡುತ್ತಾನೆ.
ತಬಲ ತಮಾಷೆಗೆ ತಡ್ ಎನ್ನುತ್ತದೆ.
ಅವಳು ಕೆನ್ನೆ ಹಿಡಿದು ನಾಚುತ್ತಾಳೆ.

ಇದನ್ನು ಯಾರೂ ಕೊಯ್ದಿರಲಿಲ್ಲ.
ನೆನಪಾಯಿತು. ಇಡೀ ಸ್ಕೂಲು ನಕ್ಕಿತ್ತು.
ಗುರುಶಾಂತಯ್ಯ ಮಾಸ್ತರು ನಕ್ಕಿದ್ದರು, ಮೇಲೆ ಕಿಂಡಿಯಲ್ಲಿ ಅಪ್ಪ.
ನಾನೂ, ಹಾಲಮ್ಮನ ತೊಡೆ ಬಡಿದು ಬಡಿದು.
ಆ ಹಾಲಮ್ಮನ ಮದುವೆ, ಆಮೇಲಿನದು,
ಬೇರೆ ಕಥೆ. ಪೂರ್ತಿ ಬೇರೆಯೂ ಅಲ್ಲ.

ಈಗ ಬ್ಲೇಡು ನನ್ನ ಕೈಲಿದೆ.
ಕೊಯ್ದರೆ ಅಲ್ಲೊಂದು ಜಿಗಿತ. ನನ್ನ ಒಂಬತ್ತನೇ ಬಿ
ಅದರೊಳಗೆ ಏನು ತುಂಬಿಕೊಂಡೀತು?
ಏನೂ ಇಲ್ಲ. ಊಹಿಸುವ ಶ್ರಮವೇ ಬೇಡ,
ಅರ್ಧ ಕ್ಲಾಸಿನ ಮನೆಯಲ್ಲಿ ಅದರ ಪ್ರಿಂಟು ಇದೆ.

ಪೆನ್ನು ಹಿಡಿದು ಕೂತಿದ್ದೇನೆ.
ಎರಡು ಪದ, ನಡುವೆ ಒಂದು ಓರೆಗೀಟು.
ಹೊಡೆದುಹಾಕಿ ಅಂತಾರೆ, ಎಷ್ಟು ಸಲೀಸು.
ಎರಡನ್ನೂ ಮುಟ್ಟದೆ ಕೆಳಗೆ ಬರೆದೆ:
ತೋರಿಸಬಹುದು. ಮೂವತ್ತನಾಲ್ಕನೇ ನಿಮಿಷಕ್ಕೆ ನಿಲ್ಲಿಸಿ,
ಲೈಟು ಹಾಕಬೇಕು.
ಯಾರು ನಕ್ಕರೆಂದು ನೋಡಲಿಕ್ಕಲ್ಲ,
ನಾನು ನಕ್ಕಿದ್ದೆ ಎಂದು ಹೇಳಲಿಕ್ಕೆ.

ಕೊಲೆಯ ಹೊತ್ತಿಗೆ ಲೈಟು ಬೇಡ.
ಫ್ಯಾನೂ ಆರಿಸಿ.
ಜೋಳ ಸುರಿಯುವ ಸದ್ದು ಕೇಳಬೇಕು.